ಹೊರಗೆ ಹೋಗುವವರನ್ನು ಕೇಳದ ಫೈರ್‌ವಾಲ್

ನವೆಂಬರ್ ೯, ಶನಿವಾರ

ಅಕ್ಕ ಬಿಟ್ಟುಬಂದ ಗಂಡ ಇವತ್ತು ಅವಳ ಹೊಸ ಮನೆಯ ಗೇಟಿಗೂ ಬಂದು ನಿಂತಿದ್ದ. ಅವನನ್ನು ಭಾವ ಎನ್ನಲು ನಾಲಿಗೆ ಹೊರಳುವುದಿಲ್ಲ. ವಿಳಾಸವನ್ನು ಅವಳು ನನಗೊಬ್ಬಳಿಗೇ ಇಮೇಲ್‌ನಲ್ಲಿ ಬರೆದಿದ್ದಳು.

ಸಂಜೆ ಅವಳ ಲ್ಯಾಪ್‌ಟಾಪ್ ತೆರೆದು ಜಾಲಾಡಿದೆ. ಜೊತೆಯಲ್ಲಿದ್ದಾಗಲೇ ಅವನು ಹಾಕಿಟ್ಟ ಕಳ್ಳ ಪ್ರೋಗ್ರಾಂ, ಅವಳು ಬರೆದದ್ದನ್ನೆಲ್ಲ ಅವನಿಗೆ ಸಾಗಿಸುತ್ತಿತ್ತು. ಫೈರ್‌ವಾಲ್ ಹೊರಗಿನಿಂದ ನುಗ್ಗುವವರನ್ನು ತಡೆಯುತ್ತದೆ. ಒಳಗಿನಿಂದ ಹೊರಡುವವರನ್ನು ಯಾರೆಂದೂ ಕೇಳುವುದಿಲ್ಲ.

"ಎಲ್ಲಾ ಸರಿಯಿದೆ ಅಂತ ಹಸಿರು ಗುರುತು ತೋರಿಸ್ತಿತ್ತಲ್ಲೇ," ಎಂದಳು ಅಕ್ಕ.

"ಅಳಿಸಿಬಿಟ್ಟೆ ಅಕ್ಕ, ಇನ್ನು ಭಯ ಇಲ್ಲ."

"ಅವನ ತಲೇಲಿರೋ ವಿಳಾಸಾನೂ ಅಳಿಸಿದ್ಯಾ?"

ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಈಗ ಅಕ್ಕ ಪಕ್ಕದ ಕೋಣೆಯಲ್ಲಿ ಪಾತ್ರೆಗಳನ್ನು ಮತ್ತೆ ಪೆಟ್ಟಿಗೆಗೆ ತುಂಬುತ್ತಿದ್ದಾಳೆ. ಎಲ್ಲಿಗೆ ಹೋಗ್ತೀಯಾ ಎಂದು ಕೇಳಿದೆ.

"ಈ ಸಲ ನಿಂಗೂ ಹೇಳಲ್ಲ ಕಣೇ."

ಹೇಳದಿದ್ದರೇ ಒಳ್ಳೆಯದು. ಆದರೂ ಇನ್ನು ಅವಳಿಗೆ ನಾನೂ ಹೊರಗಿನವಳೇ.