ಗುಡಾಣನ ಉಪವಾಸ

ಬುಧವಾರ, ಬೆಳಗ್ಗೆ

ಮನೆಯೊಡತಿಗೆ,

ಮೊದಲು ಮುಖ್ಯವಾದದ್ದು: ನಿನ್ನ ಗಿನಿಹಂದಿ ಗುಡಾಣ ಬದುಕಿದ್ದಾನೆ. ಒಂದು ಲೋಟ ನೀರು ಕುಡಿದು, ಆಮೇಲೆ ಉಳಿದದ್ದನ್ನು ಓದು.

ನೀನು ತಂಗಿಯ ಮನೆಗೆ ಹೋಗಿ ನಾಲ್ಕು ತಿಂಗಳಾಯಿತು. ಅಲ್ಲಿ ಬೆಕ್ಕಿರುವುದರಿಂದ ಗುಡಾಣನನ್ನು ನನ್ನ ವಶಕ್ಕೆ ಬಿಟ್ಟೆ. ನನ್ನ ಮೇಲಿನ ನಂಬಿಕೆಯಿಂದಲ್ಲವೆಂದು ಬಲ್ಲೆ. ಹತ್ತು ದಿನಗಳ ಹಿಂದೆ ಅವನ ಹಾಸಿನ ಮೇಲೆ ರಕ್ತದ ಕಲೆ ಕಂಡಿತು. ಮೂತ್ರಕೋಶದಲ್ಲಿ ಕಲ್ಲಿದೆ, ಕೊಯ್ದು ತೆಗೆಯದಿದ್ದರೆ ಉಳಿಯುವುದಿಲ್ಲ ಎಂದರು ಪಶುವೈದ್ಯೆ. ನಿನ್ನನ್ನು ಕೇಳದೆಯೇ ಒಪ್ಪಿಬಿಟ್ಟೆ. ಅದು ತಪ್ಪು, ಆದರೆ ಇಂದು ಒಪ್ಪಿಕೊಳ್ಳಬೇಕಾದ ತಪ್ಪುಗಳಲ್ಲಿ ಅದೇ ಚಿಕ್ಕದು.

ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮೂವತ್ತೆಂಟು ವರ್ಷ ದುಡಿದವನು ನಾನು. ಹಿಂದಿನ ಸಂಜೆಯಿಂದ ರೋಗಿಯ ಬಾಯಿಗೆ ಏನೂ ಹೋಗಕೂಡದೆಂಬ ಫಲಕವನ್ನು ಎಷ್ಟು ಮಂಚಗಳಿಗೆ ತೂಗುಹಾಕಿದ್ದೇನೋ. ವೈದ್ಯೆ ಕೊಟ್ಟ ಸೂಚನೆಯ ಕಾಗದವನ್ನು, ನನ್ನ ಮಗಳ ವಯಸ್ಸಿನವಳು ನನಗೇನು ಕಲಿಸುತ್ತಾಳೆ ಎಂದುಕೊಂಡು, ಮಡಿಸಿ ಜೇಬಿಗಿಟ್ಟೆ. ಕೊಯ್ಯಬೇಕಿದ್ದ ಹಿಂದಿನ ದಿನ ಸಂಜೆಯೇ ಗೂಡಿನಿಂದ ಒಣಹುಲ್ಲು, ಸೊಪ್ಪು ಎಲ್ಲವನ್ನೂ ತೆಗೆದೆ. ಗುಡಾಣ ಕಂಬಿ ಕಚ್ಚಿ ಕಿರುಚಿದ. ಶಿಸ್ತಿನ ಮಹತ್ವವನ್ನು ಕುರಿತು ಅವನಿಗೆ ಉಪದೇಶ ಬೇರೆ ಮಾಡಿದೆ.

ಮರುದಿನ ಬೆಳಗ್ಗೆ ಕರೆದೊಯ್ದಾಗ, ಏನು ತಿಂದನೆಂದು ವೈದ್ಯೆ ಕೇಳಿದರು. "ನಿನ್ನೆ ಸಂಜೆಯಿಂದ ಒಂದೆಸಳೂ ಇಲ್ಲ" ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಯಜಮಾನ್ರೇ, ಕೊಟ್ಟ ಕಾಗದ ಓದಿದ್ರಾ? ಇವು ವಾಂತಿನೇ ಮಾಡಲ್ಲ, ಉಪವಾಸ ಯಾತಕ್ಕೆ? ಹೊಟ್ಟೆ ಖಾಲಿ ಬಿಟ್ರೆ ಕರುಳು ಕೆಲಸ ನಿಲ್ಲಿಸಿಬಿಡುತ್ತೆ. ಕಲ್ಲಿಗಿಂತ ಮುಂಚೆ ಅದೇ ಕೊಲ್ಲುತ್ತೆ. ಯಾರು ಹೇಳಿದ್ದು ಹೀಗೆ ಮಾಡಿ ಅಂತ?"

ಆಗ ನನ್ನ ಬಾಯಿಂದ ಹೊರಟ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: "ನಮ್ಮ ಮನೆಯವಳು ಹೇಳಿದ್ಲು."

ನೀನು ಮನೆಯಲ್ಲೇ ಇರಲಿಲ್ಲ. ರೈಲು ತಪ್ಪಿದ್ದು ನಿನ್ನಿಂದಲೇ ಎಂದು ನಿನ್ನ ಅಣ್ಣನ ಮನೆಮಂದಿಯೆದುರು ದೂರಿದ್ದೂ ಇದೇ ನಾಲಿಗೆ. ಅಂದು ಹೊತ್ತನ್ನು ತಪ್ಪಾಗಿ ನೋಡಿದವನು ನಾನು. ಪೆಟ್ಟಿಗೆ ಕಟ್ಟಿಕೊಂಡು ಹೊರಟವಳು ನೀನು.

ಆ ದಿನವೆಲ್ಲ ಗುಡಾಣನಿಗೆ ತಿನ್ನಿಸಿ, ಮರುದಿನ ಕೊಯ್ದರು. ಕಾಳುಮೆಣಸಿನಷ್ಟು ದಪ್ಪದ ಕಲ್ಲು ಹೊರಬಂತು. ಆದರೆ ಮನೆಗೆ ತಂದ ಮೇಲೆ ಅವನು ಮೂಲೆಗೆ ಮುಖ ಮಾಡಿ ಕೂತುಬಿಟ್ಟ. ತಿನ್ನಲಿಲ್ಲ, ಒಂದು ಹಿಕ್ಕೆಯನ್ನೂ ಹಾಕಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ನೂರ ನಲವತ್ತು ಗ್ರಾಂ ಇಳಿದಿದ್ದ. ಎರಡೆರಡು ಗಂಟೆಗೊಮ್ಮೆ ನೀರಿನಲ್ಲಿ ಕಲಸಿದ ಹುಲ್ಲಿನ ಪುಡಿಯನ್ನು ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಹನಿ ಹನಿಯಾಗಿ ಬಿಡಬೇಕು. ಮಹಡಿಯ ಟೈಲರಮ್ಮ ಅವನನ್ನು ಟವಲಿನಲ್ಲಿ ಸುತ್ತಿ ಹಿಡಿದಳು, ನಾನು ತಿನ್ನಿಸಿದೆ. "ಅಣ್ಣಾ, ಅವನ ಮುಂದೆ ನೀವ್ಯಾಕೆ ಆ ಅಂತ ಬಾಯಿ ತೆಗೀತೀರಾ? ಅಕ್ಕ ಇದ್ದಿದ್ರೆ ಇಬ್ಬರಿಗೂ ಒಂದೊಂದು ತುತ್ತು ಹಾಕಿರೋರು" ಎಂದಳು. ನಾನು ಮುಂದಿನ ಸಿರಿಂಜು ತುಂಬಿಸಿದೆ.

ಭಾನುವಾರ ಬೆಳಗ್ಗೆ ಹಾಸಿನ ಮೇಲೆ ಮೂರು ಹಿಕ್ಕೆ ಬಿದ್ದಿದ್ದವು. ನಿವೃತ್ತಿಯ ದಿನ ಹೊದಿಸಿದ ಶಾಲೂ ನನಗೆ ಅಷ್ಟು ಹೆಮ್ಮೆ ತಂದಿರಲಿಲ್ಲ.

ಸೋಮವಾರ ಗಾಯ ತೋರಿಸಲು ಹೋದಾಗ ವೈದ್ಯೆ, "ಮನೆಯವ್ರನ್ನ ಒಂದ್ಸಲ ಕರ್ಕೊಂಡ್ಬನ್ನಿ. ಉಪವಾಸದ ವಿಷಯ ನಾನೇ ತಿಳಿಸಿ ಹೇಳ್ತೀನಿ, ಬೈಯಲ್ಲ" ಎಂದರು. ನಾಯಿ, ಮೊಲ, ಗಿಳಿಗಳನ್ನು ಹಿಡಿದ ಏಳೆಂಟು ಜನ ಅಲ್ಲಿ ಕೂತಿದ್ದರು. ಅವರೆಲ್ಲರಿಗೂ ಕೇಳುವಂತೆ ಹೇಳಿದೆ: ಅವಳು ಏನೂ ಹೇಳಿರಲಿಲ್ಲ, ಕಾಗದ ಓದದೆ ಮಾಡಿದವನು ನಾನು, ಅವಳ ಹೆಸರು ಕೆಡಿಸಿದವನೂ ನಾನು.

"ಗೊತ್ತಿತ್ತು ಯಜಮಾನ್ರೇ" ಎಂದರು ವೈದ್ಯೆ. "ಒಂದೆಸಳೂ ಇಲ್ಲ ಅಂದಾಗ ನಿಮ್ಮ ಮುಖದಲ್ಲಿ ಪದಕ ಗೆದ್ದ ಕಳೆ ಇತ್ತು. ಬೇರೆಯವ್ರ ಮಾತು ಕೇಳಿ ಮಾಡಿದವ್ರಿಗೆ ಆ ಕಳೆ ಬರಲ್ಲ."

ಗುಡಾಣ ಇನ್ನೂ ತಾನಾಗಿ ತಿನ್ನುತ್ತಿಲ್ಲ. ಟೈಲರಮ್ಮ ಶುಕ್ರವಾರ ಮಗಳ ಮನೆಗೆ ಹೊರಟಿದ್ದಾಳೆ. ತಿನ್ನಿಸಲು ನಾನಿದ್ದೇನೆ, ಹಿಡಿಯಲು ಇನ್ನೊಂದು ಜೊತೆ ಕೈ ಬೇಕು. ಆದ್ದರಿಂದ ಶುಕ್ರವಾರದೊಳಗೆ ಬರತಕ್ಕದ್ದು.

ಇಂತಿ,
ನಿನ್ನ ಮನೆಯವನು

ತಾ.ಕ.: ಅಂಟಿಸಿದ ಲಕೋಟೆಯನ್ನು ಒಡೆದು ಇದನ್ನು ಸೇರಿಸುತ್ತಿದ್ದೇನೆ. ಟೈಲರಮ್ಮ ಎಲ್ಲಿಗೂ ಹೋಗುತ್ತಿಲ್ಲ. ಗುಡಾಣ ನಿನ್ನೆಯಿಂದ ತಾನೇ ತಿನ್ನುತ್ತಿದ್ದಾನೆ; ಸಿರಿಂಜನ್ನು ತೊಳೆದು ಎತ್ತಿಟ್ಟಾಗಿದೆ. ತಪ್ಪೊಪ್ಪಿಕೊಂಡ ಕಾಗದದಲ್ಲೇ ಮತ್ತೊಬ್ಬಳ ಹೆಸರು ಹೇಳಿ ಸುಳ್ಳು ಬರೆದೆ. ಇಲ್ಲಿ ಯಾರೂ ಯಾರನ್ನೂ ಹಿಡಿದುಕೊಳ್ಳಬೇಕಾಗಿಲ್ಲ. ಆದರೂ ನೀನು ಬಂದರೆ ಚೆನ್ನಾಗಿರುತ್ತದೆ.