ಅವರ ಟೇಪು, ನಿನ್ನ ದನಿ

ಮಾರ್ಚ್ ೧೦, ಸೋಮವಾರ ಸಂಜೆ

ಪ್ರೀತಿಯ ಅಮ್ಮನಿಗೆ,

ಮೊದಲು ಕೂತುಕೋ, ಆಮೇಲೆ ಓದು. ನನ್ನ ಮೈಗೇನೂ ಆಗಿಲ್ಲ. ಕೆಲಸ ಹೋಯಿತು. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮುಂಚೆ ನಾನೇ ಹೇಳಿಬಿಡುತ್ತೇನೆ.

ಕ್ಯಾಸೆಟ್ ಕಂಪನಿಯ ನೆಲಮಾಳಿಗೆಯಲ್ಲಿ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸವಾಗಿತ್ತಲ್ಲ, ಹೋದ ತಿಂಗಳು ಒಂದು ಡಬ್ಬಿಯ ಮೇಲೆ ನಿನ್ನ ಹೆಸರು, ನಾನು ಹುಟ್ಟಿದ ವರ್ಷ ಕಂಡೆ. ಒಳಗೆ ನೀನು ಹಾಡಿದ ಏಳು ಹಾಡು. ಅವರು ಒಂದನ್ನೂ ಹೊರತಂದಿರಲಿಲ್ಲ. ಯಾಕಮ್ಮ, ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ಲ? ನಾನು ಹುಟ್ಟಿದ ಮೇಲೆ ಅದೇ ವರ್ಷ ನಿನ್ನ ಗಂಟಲಿನ ಆಪರೇಷನ್ ಆಯಿತು. ಪಿಸುಮಾತಲ್ಲದೆ ನಿನಗೆ ಬೇರೆ ದನಿ ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಮೂವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಕೇಳಿದೆ.

ಮನೆಯಲ್ಲಿ ಕೇಳೋಣವೆಂದು ನಕಲು ಮಾಡಿಕೊಂಡೆ. ನನಗೊಬ್ಬಳಿಗೇ. ಯಾರಿಗೂ ಮಾರಲಿಲ್ಲ, ಕಳಿಸಲಿಲ್ಲ. ಯಾರಪ್ಪನ ಗಂಟು ಹೋಯಿತು ಎಂದುಕೊಂಡೆ.

ಆದರೆ ಯಾವ ನಕಲು ಯಾವಾಗ ಆಯಿತೆಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಆ ಯಂತ್ರ ಟೇಪಜ್ಜನ ಹೆಸರಿನಲ್ಲಿದೆ. ನನಗೆ ಈ ಕೆಲಸ ಕಲಿಸಿದವರು ಅವರು. ನಿವೃತ್ತಿಗೆ ಎರಡೇ ತಿಂಗಳು. ನಕಲು ಮಾಡಿದ್ದು ಅವರೇ ಎಂದುಕೊಂಡು ಶುಕ್ರವಾರ ಅವರನ್ನು ಮೇಲೆ ಕರೆಸಿ ಬೀಗದಕೈ ಕಿತ್ತುಕೊಂಡರು. ಕೆಳಗೆ ಬಂದು ಕನ್ನಡಕ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ, "ನಾನು ಮಾಡಿಲ್ಲ ಅಂತ ನಿಂಗಾದ್ರೂ ನಂಬಿಕೆ ಇದ್ಯಾ, ಮಗಳೇ?" ಎಂದು ಕೇಳಿದರು. "ಇದೆ" ಎಂದೆ. ಅಷ್ಟೇ ಅಂದೆ ಅಮ್ಮ.

ಇವತ್ತು ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋಗಿ ಒಪ್ಪಿಕೊಂಡೆ. "ನಮ್ಮಮ್ಮನ ದನಿ ಸಾರ್, ಸ್ವಂತಕ್ಕೆ ಅಂತ ಮಾಡ್ಕೊಂಡೆ."

"ದನಿ ನಿಮ್ಮಮ್ಮಂದೇ ಇರಬಹುದು. ಟೇಪು ನಮ್ದು. ಅವರೇ ಸಹಿ ಹಾಕಿ ಕೊಟ್ಟಿದ್ದಾರೆ."

ಅವರಿಗೆ ಎದುರಾಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಪಕ್ಕದಲ್ಲಿದ್ದ ಕಂಪನಿಯ ವಕೀಲರು ಮೆತ್ತಗೆ, "ದುಡ್ಡು ಕೊಟ್ಟು ತಗೊಂಡ ಹಾಡನ್ನ ಮನೇಲಿ ಕೇಳೋಕೆ ನಕಲು ಮಾಡ್ಕೊಂಡಿದ್ರೆ ನಾನೇ ನಿಮ್ಮ ಪರ ಮಾತಾಡ್ತಿದ್ದೆ. ನಂಬಿ ಕೈಗೆ ಕೊಟ್ಟಿದ್ದನ್ನ ಒಯ್ದ್ರಲ್ಲಮ್ಮ" ಎಂದರು.

ಅವರೆದುರೇ ಫೋನಿನಿಂದ ಏಳೂ ಹಾಡು ಅಳಿಸಿದೆ. ನನ್ನ ಬಳಿ ಇನ್ನೇನೂ ಉಳಿದಿಲ್ಲವೆಂದು ಬರೆದು ಸಹಿ ಹಾಕಿದೆ. ರಾಜೀನಾಮೆ ಕೊಟ್ಟರೆ ಪೊಲೀಸರವರೆಗೆ ಹೋಗುವುದಿಲ್ಲ ಎಂದರು, ಕೊಟ್ಟೆ. ಟೇಪಜ್ಜನಿಗೆ ಬೀಗದಕೈ ವಾಪಸ್ ಸಿಕ್ಕಿತು. ಮೆಟ್ಟಿಲಲ್ಲಿ ಎದುರಾದರು. ನನ್ನ ಮುಖ ನೋಡಲಿಲ್ಲ.

ಬೈಯುವುದಿದ್ದರೆ ಬೈದು ಬರೆ. ಸುಮ್ಮನೆ ಮಾತ್ರ ಇರಬೇಡ.

ನಿನ್ನ
ಮೊಂಡಿ

ತಾ.ಕ.: ಹಾಕಿದ್ದು ಸುಳ್ಳು ಸಹಿ, ಅಮ್ಮ. ಮೂರನೆಯ ಹಾಡಿಗೆ ಮುಂಚೆ ನೀನು ನಗುತ್ತೀಯ. "ಒಂದ್ನಿಮಿಷ ತಡೀರಿ, ಹೊಟ್ಟೇಲಿ ಮಗು ಒದೀತಿದೆ" ಅನ್ನುತ್ತೀಯ. ಹನ್ನೊಂದು ಸೆಕೆಂಡು. ಅದಷ್ಟನ್ನು ಬೇರೆ ಮಾಡಿ ಇಟ್ಟುಕೊಂಡಿದ್ದೇನೆ. ಅದೂ ಅವರ ಟೇಪಿನದೇ ಎಂದು ನನಗೆ ಗೊತ್ತು. ನೀನು ಅಳಿಸು ಅಂದರೆ ಅಳಿಸುತ್ತೇನೆ. ಅನ್ನಬೇಡಮ್ಮ.