ಕಲ್ಲುಗುಂಡಿಯ ಮೇಲಿನ ಹಸಿರು ಹೊಲ

ಐದನೆಯ ಮಣ್ಣೆಣಿಕೆ, ಎಳ್ಳು ಬಡಿಯುವ ತಿಂಗಳು
ಕಡ್ಲಿಹಾಳ

ನಮಗಿಂತ ಮುಂಚೆ ಈ ನೆಲದಲ್ಲಿ ಬಾಳಿದವರಿಗೆ,

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಜನರನ್ನು ಎಣಿಸುವುದು ಬಿಟ್ಟು ಮಣ್ಣನ್ನು ಎಣಿಸತೊಡಗಿದ ಮೇಲೆ ನಮ್ಮ ಕಾಲಕ್ಕೆ ಆ ಎಣಿಕೆಯದೇ ಹೆಸರು. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಕಾಲದಲ್ಲಿ ಅವುಗಳ ಅಗತ್ಯ ಬಿದ್ದಿರಲಿಲ್ಲ. ನನ್ನ ಹೆಸರು ಫಕ್ಕೀರವ್ವ. ಈ ಸೀಮೆಯ ಮಣ್ಣೋದುಗಳು, ಅಂದರೆ ಮಣ್ಣು ಓದುವವಳು. ಹೊಸ ಹೊಲ ಹಿಡಿಯುವವರಿಗಾಗಿ ನೆಲ ಅಗೆದು, ಮೂಸಿ, ನೀರು ಇಂಗುವ ಬಗೆ ನೋಡಿ, ಕೆಳಗೇನಿದೆ ಎಂದು ಹೇಳುವುದು ನನ್ನ ಕೆಲಸ.

ನಮ್ಮಲ್ಲಿ ಪ್ರತಿ ಮನೆಗೂ ಒಂದು ಬೂದಿಕೋಣೆ ಇರುತ್ತದೆ. ನಿಮ್ಮ ಪಾಯಿಖಾನೆಯೇ, ಆದರೆ ನೀರು ಹರಿಸುವುದಿಲ್ಲ. ಬೂದಿ, ಹೊಟ್ಟು ಸುರಿದು ಒಂದೆರಡು ಬೇಸಿಗೆ ಕಳೆಯುವವರೆಗೆ ಒಣಗಲು ಬಿಡುತ್ತೇವೆ. ಹೆಣ್ಣು ಕೊಡಲು ಬಂದವರು ಬಾವಿಗೂ ಬೂದಿಕೋಣೆಗೂ ಎಷ್ಟು ದೂರವಿದೆ ಎಂದು ಮೊದಲು ನೋಡುತ್ತಾರೆ, ವರನ ಮುಖವನ್ನು ಆಮೇಲೆ. ಬೀಗರ ಮನೆಯಲ್ಲಿ ತಂಬಿಗೆ ಕೈಗೆ ಬಂದಾಗ ಇದು ಯಾವ ಬಾವಿಯ ನೀರು ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಶವ್ವ ಮತ್ತು ಅವಳ ಗಂಡ ಮುದಕಪ್ಪ ಮೂಡಣ ಸೀಮೆಯಿಂದ ನೆಲ ಹುಡುಕಿಕೊಂಡು ಇಲ್ಲಿಗೆ ಬಂದರು. ಊರಿನ ತೆಂಕಣಕ್ಕೆ ಒಂದು ಹೊಲ ಬೀಳುಬಿದ್ದಿತ್ತು. ಸುತ್ತಲಿನ ಎರೆಮಣ್ಣು ಬಿರಿದು ಬಾಯಿಬಿಟ್ಟಾಗಲೂ ಅಲ್ಲಿ ಹುಲ್ಲು ಹಸಿರಾಗಿರುತ್ತಿತ್ತು. ಅಷ್ಟು ಹಸಿರು ಕಂಡವರು ಮಣ್ಣೋದುಗಳನ್ನು ಕರೆಯುವುದಿಲ್ಲ. ಅವರು ಗುಡಿಸಲು ಕಟ್ಟಿದರು, ಬಾವಿ ತೋಡಿದರು, ಎದೆಯೆತ್ತರದ ಜೋಳ ಬೆಳೆದರು. ಗಂಡುಮಗು ಹುಟ್ಟಿತು.

ಆ ವರ್ಷ ಮಳೆ ಬಿಡದೆ ಸುರಿಯಿತು. ಬಾಣಂತಿಗೆ ಜ್ವರ ಬಂದು ಎದೆಹಾಲು ಬತ್ತಿತು. ಆಡಿನ ಹಾಲಿಗೆ ನೀರು ಬೆರೆಸಿ ಕುಡಿಸಿದಳು. ಕೆಲವು ದಿನಗಳಲ್ಲಿ ಕೂಸಿನ ತುಟಿ, ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಊರವರು ಗಾಳಿ ಸೋಕಿದೆ ಎಂದು ದಾರ ಕಟ್ಟಿಸಿದರು. ಕೂಸು ಅಳುವುದನ್ನು ನಿಲ್ಲಿಸಿತು. ಒಂದು ಬೆಳಿಗ್ಗೆ ಏಳಲಿಲ್ಲ. ಹೊಲದ ಅಂಚಿನಲ್ಲೇ ಮಣ್ಣು ಮಾಡಿದರು. ಕಾಶವ್ವ ಮತ್ತೆ ಬಸುರಿಯಾದಾಗ ಮುದಕಪ್ಪ ಹೆದರಿ ನನ್ನನ್ನು ಕರೆದ.

ನಾನು ಅಗೆದೆ. ಮೇಲೆ ಕೆಂಪು ಮಣ್ಣು ತೆಳ್ಳಗೆ ಹಾಸಿತ್ತು. ಅದರ ಕೆಳಗೆ ಕಪ್ಪನೆಯ ಕೆಸರು, ಕೊಳೆಯದ ಪ್ಲಾಸ್ಟಿಕ್ಕು, ಬಟ್ಟೆಯ ಚೂರು, ಬದಿಗೆ ಕಡಿದ ಬಂಡೆಯ ಗೋಡೆ. ಅದು ಹೊಲವಾಗಿರಲಿಲ್ಲ. ನಿಮ್ಮ ಕಾಲದ ಕಲ್ಲಿನ ಕ್ವಾರಿ. ಪಟ್ಟಣದ ಮನೆಗಳ ಪಾಯಿಖಾನೆ ಗುಂಡಿ ಬಳಿದ ಟ್ಯಾಂಕರುಗಳು ಆ ಹೊಲಸನ್ನು ಅದರೊಳಗೆ ಸುರಿದು ಹೋಗಿದ್ದವು. ತುಂಬಿದ ಮೇಲೆ ಯಾರೋ ಮಣ್ಣು ಹರವಿ, ಹೊಲವೆಂದು ಮಾರಿದ್ದರು. ಒಣ ವರ್ಷಗಳಲ್ಲಿ ಅದು ಸುಮ್ಮನೆ ಮಲಗಿತ್ತು. ಮಳೆ ಇಳಿದಾಗ ಬಂಡೆಯ ಬಿರುಕು ಹಿಡಿದು ಬಾವಿಯತ್ತ ನಡೆಯಿತು. ನಾನು ಅಗೆದ ಕುಳಿಯಲ್ಲಿ ಹಸಿರು ಬಣ್ಣ ಕದಡಿ ಸುರಿದು ಬಾವಿಯ ಬಳಿ ಕಾದೆ. ಕೊನೆಗೆ ಕೊಡ ಮೇಲೆ ಬಂದಾಗ ನೀರು ಗಿಳಿಯ ರೆಕ್ಕೆಯಂತೆ ಹೊಳೆಯಿತು. ಮುದಕಪ್ಪ ಹಗ್ಗ ಬಿಚ್ಚಿ ಕೊಡವನ್ನು ಕೆಳಗಿಟ್ಟ.

ಕಾಶವ್ವ ಕೊಡವನ್ನೇ ನೋಡುತ್ತಿದ್ದಳು. "ನಾ ಕುದಿಸಿದ ನೀರಽ ಹಾಕಿದ್ನಿರೀ," ಎಂದಳು. "ಭಾಳ ಹೊತ್ತು ಕುದಿಸ್ತಿದ್ನಿ. ಕುದಿಸಿದ್ರ ಕೆಟ್ಟದ್ದು ಹೋಗ್ತದ, ಹೌದಲ್ರೀ?"

ಹೌದು ಎಂದುಬಿಡಬಹುದಿತ್ತು. ಆದರೆ ಅವಳ ಹೊಟ್ಟೆಯಲ್ಲಿ ಇನ್ನೊಂದು ಜೀವವಿತ್ತು.

"ಕ್ರಿಮಿ ಸಾಯ್ತಾವವ್ವಾ. ಹೊಲಸು ಕೊಳತು ಹುಟ್ಟೂ ಉಪ್ಪು ಸಾಯೂದಿಲ್ಲ. ಕುದಿಸಿದಷ್ಟೂ ಗಟ್ಟಿ ಆಗ್ತದ. ಎಳೆಗೂಸಿನ ರಕ್ತದಾಗಿನ ಉಸಿರು ತಗೀತದ."

 ಅವಳು ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡಳು. ಆಮೇಲೆ ಹೊಲದ ಕಡೆ ಕೈ ತೋರಿಸಿ, "ಇದನ್ನ ಸುರಿದವರ ಮನ್ಯಾಗ ಕೂಸು ಇದ್ದಿದ್ದಿಲ್ಲೇನ್ರೀ?" ಎಂದು ಕೇಳಿದಳು.

 ಅದು ನನ್ನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ, ನಿಮ್ಮನ್ನು ಕೇಳಿದ್ದು. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಈ ಜಾಗ ಬಿಡಬೇಕು ಎಂದಾಗ, ಮಣ್ಣಲ್ಲಿರುವ ಕೂಸನ್ನು ಒಂಟಿಯಾಗಿ ಬಿಟ್ಟು ಹೇಗೆ ಹೋಗಲಿ ಎಂದು ಅವಳು ಹಟ ಹಿಡಿದಳು.  ಮುದಕಪ್ಪ ತಾನು ತೋಡಿದ ಬಾವಿಗೆ ತಾನೇ ಬಂಡೆ ಉರುಳಿಸಿ ಮುಚ್ಚಿ, ಮೇಲಿನ ದಿಬ್ಬದಲ್ಲಿ, ಕೂಸಿನ ಮಣ್ಣಗುಡ್ಡೆ ಕಾಣುವ ಕಡೆಗೆ ಬಾಗಿಲಿಟ್ಟು ಗುಡಿಸಲು ಕಟ್ಟಿದ. ಹೊಲವನ್ನು ನಾವು ಮೌನಕ್ಕೆ ಬಿಟ್ಟೆವು. ಅಂದರೆ ನಮ್ಮ ಜೀವಮಾನದಲ್ಲಿ ಅಲ್ಲಿ ಯಾರೂ ಬಿತ್ತುವುದಿಲ್ಲ. ಈಗಲೂ ಅದೇ ಈ ಸೀಮೆಯ ಅತ್ಯಂತ ಹಸಿರಾದ ಜಾಗ. ಅದರ ಬದುವಿನಲ್ಲಿ ನಡೆಯುವವರು ಮಾತು ನಿಲ್ಲಿಸುತ್ತಾರೆ.

ದಿಬ್ಬದ ಮೇಲೆ ಹೆಣ್ಣುಮಗು ಹುಟ್ಟಿತು, ಊರ ಬಾವಿಯ ನೀರಲ್ಲಿ ಬದುಕಿತು. ಕಾಶವ್ವ ದಿನಾ ಬೆಳಗಿನ ಬೆಳಕಿಗೆ ಅದರ ಉಗುರು ಹಿಡಿದು ಬಣ್ಣ ನೋಡುತ್ತಾಳೆ. ಹುಡುಗಿಗೆ ಈಗ ಮಾತು ಬಂದಿದೆ. ಎದ್ದ ಕೂಡಲೇ ಯಾರೂ ಕೇಳದಿದ್ದರೂ ಹತ್ತೂ ಬೆರಳು ಚಾಚಿ ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಎಲ್ಲ ಮಕ್ಕಳೂ ಹೀಗೇ ಮಾಡುತ್ತಾರೆ ಎಂದು ಅವಳು ನಂಬಿದ್ದಾಳೆ.

ನೀವು ಇದನ್ನು ಓದುವ ಹೊತ್ತಿಗೆ ಟ್ಯಾಂಕರು ಇನ್ನೂ ಬರುತ್ತಿರಬಹುದು. ಬಂದರೆ ತಡೆಯಿರಿ. ತಡೆಯಲಾಗದಿದ್ದರೆ, ಮಣ್ಣು ಹರವಿ ಮುಚ್ಚುವ ದಿನ ಅದರ ಮೇಲೊಂದು ಕಲ್ಲು ನೆಟ್ಟು, ಕೆಳಗೇನಿದೆ ಎಂದು ಕೊರೆಸಿಡಿ. ನಿಮ್ಮ ಹೆಸರು ಬೇಡ. ನಿಮ್ಮನ್ನು ಶಪಿಸಲು ನಮಗೆ ಪುರುಸೊತ್ತಿಲ್ಲ. ಎಲ್ಲಿ ಬಾವಿ ತೋಡಬಾರದು ಎಂದು ತಿಳಿದರೆ ಸಾಕು.

ಫಕ್ಕೀರವ್ವ